ಹಳ್ಳ ದಾಟುವ ಥಾರ್: ಹೊರಗಿನಿಂದ ಹಾಕಿಸಿದ ಎಂಜಿನ್ ಭಾಗಗಳಿಗೆ ನೀರು ಹೋಗದಂತೆ ಏನು ಮಾಡಬೇಕು?

ಪ್ರಶ್ನೆ: ನಮ್ಮದು ಶಿರಸಿಯಿಂದ ಒಳಗಿನ ಹಳ್ಳಿ. ತೋಟಕ್ಕೆ ಹೋಗುವ ದಾರಿಯಲ್ಲಿ ಎರಡು ಹಳ್ಳ ಸಿಗುತ್ತವೆ. ಮಳೆಗಾಲದಲ್ಲಿ ಗಾಡಿಯನ್ನು ನೀರಿಗೆ ಇಳಿಸದೆ ಗತಿಯಿಲ್ಲ. ನನ್ನದು 2021ರ ಡೀಸೆಲ್ ಮಹೀಂದ್ರಾ ಥಾರ್ ಜೀಪು. ಸ್ನಾರ್ಕೆಲ್ (ಎತ್ತರದಿಂದ ಗಾಳಿ ಎಳೆಯುವ ಕೊಳವೆ), ಕೋನ್ ಫಿಲ್ಟರ್ (ಶಂಕುವಿನಾಕಾರದ ಗಾಳಿ ಫಿಲ್ಟರ್), ದೊಡ್ಡ ಇಂಟರ್‌ಕೂಲರ್ (ಎಂಜಿನ್ನಿಗೆ ಹೋಗುವ ಬಿಸಿ ಗಾಳಿಯನ್ನು ತಣಿಸುವುದು), ಆಯಿಲ್ ಕ್ಯಾಚ್ ಕ್ಯಾನ್ (ಎಂಜಿನ್ನಿನ ಹಬೆಯಲ್ಲಿರುವ ಎಣ್ಣೆ ಹಿಡಿಯುವ ಡಬ್ಬಿ), ಟ್ಯೂನಿಂಗ್ ಬಾಕ್ಸ್ (ಶಕ್ತಿ ಹೆಚ್ಚಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಹಾಕಿಸಿದ್ದೇನೆ. ಮುಂದೆ ಲೈಟ್ ಬಾರ್, ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯುವ ರಾಟೆ) ಇವೆ. ಕಳೆದ ಮಳೆಗಾಲದಲ್ಲಿ ಒಮ್ಮೆ ಫಿಲ್ಟರ್ ಒದ್ದೆಯಾಗಿತ್ತು, ಒಣಗಿಸಿ ಹಾಕಿದೆ. ಆಮೇಲೆ ಆಗಾಗ ಚೆಕ್ ಎಂಜಿನ್ ಲೈಟ್ ಬರುತ್ತಿತ್ತು, ಗಾಡಿ ಒಣಗಿದ ಮೇಲೆ ತಾನೇ ಹೋಗುತ್ತಿತ್ತು. ಸ್ನಾರ್ಕೆಲ್ ಇದ್ದರೂ ಹೀಗೇಕೆ? ಕಾರವಾರದ ಕಡೆಗೂ ಓಡಾಟ ಇದೆ. ಉಪ್ಪುನೀರಿಗೆ ಬೇರೆ ಏನಾದರೂ ಮಾಡಬೇಕೇ?

ಉತ್ತರ: ಮೊದಲು ಆ ಒದ್ದೆ ಫಿಲ್ಟರಿನ ವಿಷಯ. ಅದನ್ನು ಒಣಗಿಸಿ ವಾಪಸ್ ಹಾಕಿದ್ದು ಸಾಕಾಗಲಿಲ್ಲ. ನೀರು ಫಿಲ್ಟರಿನವರೆಗೆ ಬಂದಿದೆ ಎಂದರೆ ಟರ್ಬೋಗೆ (ಗಾಳಿಯನ್ನು ಒತ್ತಿ ಎಂಜಿನ್ನಿಗೆ ಕೊಡುವ ಭಾಗ) ಮತ್ತು ಎಂಜಿನ್ನಿಗೆ ಉಳಿದದ್ದು ಒಂದು ಪೈಪಿನ ದೂರ ಮಾತ್ರ. ಈ ಸಲ ಮೃಗಶಿರಾ ಮಳೆ ಹಿಡಿಯುವ ಮೊದಲು ಗಾಡಿಯನ್ನು ಒಂದು ದಿನ ಗ್ಯಾರೇಜಿನಲ್ಲಿ ನಿಲ್ಲಿಸಿ. ನೀವೂ ಪಕ್ಕದಲ್ಲೇ ನಿಂತು ನೋಡಿ.

ನಿಮ್ಮ ಥಾರ್ 650 ಮಿಲಿಮೀಟರ್ ಆಳದ ನೀರು ದಾಟಬಲ್ಲದು ಎಂದು ಕಂಪನಿ ಹೇಳಿದೆ. ಆ ಅಳತೆ ಕಾರ್ಖಾನೆಯಿಂದ ಹೊರಬಂದ ಗಾಡಿಗೆ. ಗಾಳಿಯ ಪೈಪು, ರಬ್ಬರ್ ಸೀಲು, ವೈರಿನ ಸಾಕೆಟ್ಟು ಎಲ್ಲವನ್ನೂ ಒಟ್ಟಿಗೆ ಯೋಚಿಸಿ ಕೂರಿಸಿದ ಗಾಡಿ ಅದು. ನೀವು ಆರೇಳು ಭಾಗ ಬದಲಿಸಿದ್ದೀರಿ. ಪ್ರತಿ ಭಾಗಕ್ಕೂ ಹಳೆಯ ಜೋಡಣೆ ಬಿಚ್ಚಿ ಹೊಸದು ಮಾಡಿದ್ದಾರೆ. ಹೊರಗಿನಿಂದ ತಂದ ಭಾಗಗಳೆಲ್ಲ ಕೆಟ್ಟವು ಎಂದು ನಾನು ಹೇಳುವುದಿಲ್ಲ. ಆದರೆ ನೀರು ಒಳಗೆ ಬರುವುದು ಜಾಸ್ತಿ ಆ ಹೊಸ ಜೋಡಣೆಗಳಿಂದಲೇ. ಸರಿಯಾಗಿ ಸೀಲ್ ಆಗದ ಜೋಡಣೆಗಳಲ್ಲಿ ಎಲ್ಲಕ್ಕಿಂತ ಕೆಳಗಿರುವುದು ಯಾವುದೋ, ಅದರ ಎತ್ತರವೇ ಈಗ ನಿಮ್ಮ ಗಾಡಿ ದಾಟಬಹುದಾದ ಆಳ. ಅದು 650 ಇರಬಹುದು, 450 ಕೂಡ ಇರಬಹುದು. ಟೇಪ್ ಹಿಡಿದು ಅಳೆಯಿರಿ. ಬಾನೆಟ್ ತೆಗೆದು, ನೆಲದಿಂದ ಒಂದೊಂದು ಜೋಡಣೆಯ ಎತ್ತರವನ್ನೂ ಬರೆದುಕೊಳ್ಳಿ. ಈ ಕೆಲಸಕ್ಕೆ ದುಡ್ಡು ಬೇಡ, ಅರ್ಧ ಗಂಟೆ ಸಾಕು.

ಇನ್ನು ಸ್ನಾರ್ಕೆಲ್. ಅದು ಕೆಲಸ ಮಾಡಬೇಕಾದರೆ ಮೇಲಿನ ಬಾಯಿಂದ ಟರ್ಬೋವರೆಗೆ ಇಡೀ ದಾರಿ ಗಾಳಿಯಾಡದ ಹಾಗೆ ಮುಚ್ಚಿರಬೇಕು. ನಿಮ್ಮ ಗಾಡಿಯಲ್ಲಿ ಕೋನ್ ಫಿಲ್ಟರ್ ಕೂಡ ಇದೆ. ಅದು ಬಾನೆಟ್ ಒಳಗೆ ತೆರೆದಂತೆ ಕೂತಿದ್ದರೆ ಎಂಜಿನ್ ಗಾಳಿ ಎಳೆಯುವುದು ಅಲ್ಲಿಂದಲೇ. ಹೊರಗೆ ಎತ್ತರಕ್ಕೆ ನಿಂತ ಸ್ನಾರ್ಕೆಲಿನಿಂದ ಏನೂ ಉಪಯೋಗವಿಲ್ಲ. ಇವೆರಡೂ ಒಂದೇ ಗಾಡಿಯಲ್ಲಿ ಇರುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ, ಪ್ರತಿ ಸಲವೂ ಬೇಜಾರಾಗುತ್ತದೆ. ಕೋನ್ ಫಿಲ್ಟರಿಗೆ ಹಚ್ಚುವ ಎಣ್ಣೆ ದೂಳು ಹಿಡಿಯುತ್ತದೆ, ನೀರನ್ನು ತಡೆಯುವುದಿಲ್ಲ. ಎಣ್ಣೆ ಜಾಸ್ತಿಯಾದರೆ ಗಾಳಿ ಅಳೆಯುವ ಸೆನ್ಸರಿಗೂ ಅಂಟುತ್ತದೆ. ಫಿಲ್ಟರಿನ ಮೇಲೆ ಹಾಕುವ ನೀರು ನಿಲ್ಲದ ಬಟ್ಟೆಯ ಚೀಲ ಸಿಗುತ್ತದೆ. ಅದು ಸಿಡಿಯುವ ಹನಿಗೆ ಸರಿ, ಫಿಲ್ಟರೇ ಮುಳುಗಿದರೆ ಪ್ರಯೋಜನವಿಲ್ಲ. ನನ್ನ ಸಲಹೆ ಸರಳ. ಕಂಪನಿಯ ಏರ್ ಬಾಕ್ಸನ್ನೇ ವಾಪಸ್ ಹಾಕಿಸಿ, ಸ್ನಾರ್ಕೆಲನ್ನು ಅದಕ್ಕೆ ಜೋಡಿಸಿ. ತೋಟದ ದಾರಿಯಲ್ಲಿ ಕೋನ್ ಫಿಲ್ಟರ್ ಕೊಡುವ ಸಣ್ಣ ಲಾಭ ಲೆಕ್ಕಕ್ಕೇ ಬರುವುದಿಲ್ಲ.

ಏರ್ ಬಾಕ್ಸ್ ಹಾಕಿಸುವಾಗ ಅದರ ತಳ ನೋಡಿ. ಒಳಗೆ ಬಂದ ಮಳೆನೀರು ಇಳಿದು ಹೋಗಲು ಇಂಥ ಬಾಕ್ಸುಗಳ ತಳದಲ್ಲಿ ಸಣ್ಣ ತೂತು ಇರುತ್ತದೆ. ಹಳ್ಳದ ನೀರು ಅಲ್ಲಿಯವರೆಗೆ ಏರಿದರೆ ಅದೇ ತೂತಿನಿಂದ ಒಳಗೆ ಬರುತ್ತದೆ. ಕೆಲವರು ಅದಕ್ಕೆ ಸಿಲಿಕಾನ್ ತುಂಬಿ ಮುಚ್ಚಿಬಿಡುತ್ತಾರೆ. ಆಗ ಜೋರು ಮಳೆಯಲ್ಲಿ ಸ್ನಾರ್ಕೆಲ್ ಬಾಯಿಂದ ಬಂದ ನೀರಿಗೆ ಹೊರಗೆ ಹೋಗುವ ದಾರಿಯೇ ಇರುವುದಿಲ್ಲ. ನಮ್ಮ ಕಡೆ ಮಳೆ ಅಂದರೆ ಗೊತ್ತಲ್ವಾ, ದಿನಗಟ್ಟಲೆ ಬಿಡುವುದಿಲ್ಲ. ಅಲ್ಲಿ ಒಂದು ಕಡೆ ಮಾತ್ರ ತೆರೆಯುವ ರಬ್ಬರ್ ವಾಲ್ವ್ ಹಾಕಿಸಿ. ಎಂಜಿನ್ ಗಾಳಿ ಎಳೆಯುವಾಗ ಅದು ಮುಚ್ಚಿಕೊಳ್ಳುತ್ತದೆ, ನಿಂತಾಗ ನೀರು ಬಿಡುತ್ತದೆ. ಅದರ ತುಟಿಗೆ ಮಣ್ಣು ಅಂಟಿದರೆ ಸರಿಯಾಗಿ ಮುಚ್ಚದು. ಹಾಗಾಗಿ ಮಳೆಗಾಲದಲ್ಲಿ ವಾರಕ್ಕೊಮ್ಮೆ ಬೆರಳಾಡಿಸಿ ಸ್ವಚ್ಛ ಮಾಡಿ.

ಸ್ನಾರ್ಕೆಲ್ ಬಾನೆಟ್ ಒಳಗೆ ಹೊಕ್ಕ ಮೇಲೆ ಏರ್ ಬಾಕ್ಸಿಗೆ ಸೇರುವ ಜಾಗವೇ ಹೆಚ್ಚಾಗಿ ಕೈಕೊಡುವ ಜಾಗ. ಅಗ್ಗದ ಕಿಟ್ಟುಗಳಲ್ಲಿ ಅಲ್ಲಿ ಬರೀ ಒಂದು ರಬ್ಬರ್ ಕೊಳವೆ ತುರುಕಿರುತ್ತಾರೆ. ಕ್ಲಾಂಪ್ ಇರುವುದಿಲ್ಲ, ಇದ್ದರೂ ಸಡಿಲ. ಪರೀಕ್ಷೆ ಹೀಗೆ: ಎಂಜಿನ್ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ, ಓಡುತ್ತಿರಲಿ. ಸ್ನಾರ್ಕೆಲಿನ ತಲೆ ಕಳಚಿ, ಬಾಯಿಗೆ ಒಂದು ಚಪ್ಪಟೆ ಹಲಗೆಯನ್ನು ಒತ್ತಿ ಹಿಡಿಯಿರಿ. ಕೈ ಇಡಬೇಡಿ, ಬಟ್ಟೆ ಪ್ಲಾಸ್ಟಿಕ್ ಕೂಡ ಬೇಡ, ಒಳಗೆ ಎಳೆದುಕೊಂಡೀತು. ಎಲ್ಲ ಸರಿ ಇದ್ದರೆ ಎಂಜಿನ್ ಒದ್ದಾಡಿ ಬಂದಾಗುತ್ತದೆ. ಬಂದಾಗುವ ಲಕ್ಷಣ ಕಂಡ ಕೂಡಲೇ ಹಲಗೆ ತೆಗೆಯಿರಿ, ಜಾಸ್ತಿ ಹೊತ್ತು ಹಿಡಿದರೆ ಪೈಪು ಒಳಕ್ಕೆ ಕುಸಿಯಬಹುದು. ಏನೂ ಆಗದಂತೆ ಎಂಜಿನ್ ಓಡುತ್ತಲೇ ಇದ್ದರೆ, ಎಲ್ಲಿಂದಲೋ ಕಳ್ಳಗಾಳಿ ಬರುತ್ತಿದೆ. ಗಾಳಿ ಬರುವ ಕಡೆ ನೀರೂ ಬರುತ್ತದೆ. ಹೊಗೆ ಬಿಟ್ಟು ಸೋರಿಕೆ ಹುಡುಕುವ ಯಂತ್ರ ಈಗ ಹಲವು ಗ್ಯಾರೇಜುಗಳಲ್ಲಿದೆ. ಅದರಿಂದ ಜಾಗ ಪಕ್ಕಾ ಗೊತ್ತಾಗುತ್ತದೆ.

ಇಷ್ಟೆಲ್ಲ ಏಕೆ ಹೇಳುತ್ತಿದ್ದೇನೆ ಎಂದರೆ, ಎಂಜಿನ್ ಹಾಳಾಗಲು ಬೇಕಾದ ನೀರು ಬಹಳ ಕಡಿಮೆ. ನಿಮ್ಮದು 2184 ಸಿಸಿಯ ನಾಲ್ಕು ಸಿಲಿಂಡರ್ ಡೀಸೆಲ್. ಒಂದು ಸಿಲಿಂಡರಿಗೆ ಸುಮಾರು 546 ಸಿಸಿ. ಕಂಪ್ರೆಷನ್ ಅನುಪಾತ (ಒಳಗಿನ ಗಾಳಿ ಎಷ್ಟು ಪಟ್ಟು ಕುಗ್ಗುತ್ತದೆ ಎಂಬುದು) 16ರ ಆಸುಪಾಸು ಎಂದು ಹಿಡಿದರೆ, ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ 36 ಮಿಲಿಲೀಟರಿನಷ್ಟು. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ. ನೀರು ಕುಗ್ಗುವುದಿಲ್ಲ. ಅಷ್ಟಕ್ಕಿಂತ ಹೆಚ್ಚು ನೀರು ಒಳಗೆ ಸೇರಿದರೆ ಪಿಸ್ಟನ್ ನಡುದಾರಿಯಲ್ಲೇ ಗೋಡೆಗೆ ಹೊಡೆದ ಹಾಗೆ ನಿಲ್ಲುತ್ತದೆ. ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ, ವೇಗ ಜಾಸ್ತಿ ಇದ್ದರೆ ಮುರಿದು ಬ್ಲಾಕಿನಿಂದ ಹೊರಗೇ ಬರುತ್ತದೆ. ಡೀಸೆಲಿನಲ್ಲಿ ಈ ಜಾಗ ಪೆಟ್ರೋಲಿಗಿಂತ ಕಡಿಮೆ. ಅದಕ್ಕೇ ಅಪಾಯ ಜಾಸ್ತಿ.

ಇಂಟರ್‌ಕೂಲರಿನ ಕಡೆ ಒಂದು ಸೂಕ್ಷ್ಮ ಇದೆ. ಟರ್ಬೋಗಿಂತ ಮುಂಚಿನ ಪೈಪಿನಲ್ಲಿ ಯಾವಾಗಲೂ ಎಳೆತ. ಅಲ್ಲಿ ಸಣ್ಣ ಸೀಳಿದ್ದರೂ ನೀರು ಒಳಗೆ ಬರುತ್ತದೆ. ಟರ್ಬೋ ಆದ ಮೇಲಿನ ಪೈಪಿನಲ್ಲಿ ಒತ್ತಡ. ಆಕ್ಸಿಲರೇಟರ್ ಒತ್ತಿದಾಗ ಅಲ್ಲಿಂದ ಗಾಳಿ ಹೊರಗೆ ಹೋಗುತ್ತದೆ, ನೀರು ಬರುವುದಿಲ್ಲ. ಆದರೆ ಹಳ್ಳದ ನಡುವೆ ಎಂಜಿನ್ ಬಂದಾದರೆ ಆ ಒತ್ತಡ ಇರುವುದಿಲ್ಲ. ದೊಡ್ಡ ಇಂಟರ್‌ಕೂಲರ್ ಬಂಪರಿನ ಹಿಂದೆ ತಗ್ಗಿನಲ್ಲಿ ಕೂತಿರುತ್ತದೆ. ಸೋರುವ ಕ್ಲಾಂಪಿನಿಂದ ಅದರ ತಳಕ್ಕೆ ನೀರು ತುಂಬಿ, ಮತ್ತೆ ಸ್ಟಾರ್ಟ್ ಮಾಡಿದಾಗ ಆ ನೀರು ನೇರ ಎಂಜಿನ್ನಿಗೆ ಹೋಗುತ್ತದೆ. ಸಿಲಿಕಾನ್ ಹೋಸಿಗೆ ಸಾಮಾನ್ಯ ಸ್ಕ್ರೂ ಕ್ಲಾಂಪ್ ಸಾಲದು. ಬೋಲ್ಟ್ ಇರುವ ಅಗಲದ ಕ್ಲಾಂಪ್ ಹಾಕಿಸಿ. ಹೊಸ ಹೋಸು ಬಿಸಿಯಾಗಿ ತಣಿದ ಮೇಲೆ ಕೂರುತ್ತದೆ. ಕೆಲವು ದಿನ ಓಡಿಸಿ ಮತ್ತೊಮ್ಮೆ ಬಿಗಿ ಮಾಡಿ.

ಕ್ಯಾಚ್ ಕ್ಯಾನ್ ಬಗ್ಗೆ ಯಾರೂ ಯೋಚಿಸುವುದಿಲ್ಲ. ಅದರ ಮುಚ್ಚಳದ ಮೇಲೆ ಗುಂಡಗಿನ ಸಣ್ಣ ಫಿಲ್ಟರ್ ಇದ್ದರೆ ಅದು ಎಂಜಿನ್ನಿನ ಹೊಟ್ಟೆಗೇ ತೆರೆದ ಕಿಟಕಿ. ಬಿಸಿ ಎಂಜಿನ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಹೊರಗಿನದನ್ನು ಎಳೆಯುತ್ತದೆ. ಫಿಲ್ಟರ್ ನೀರಿನ ಮಟ್ಟದಲ್ಲಿದ್ದರೆ ನೀರು ನೇರ ಆಯಿಲ್ ಸೇರುತ್ತದೆ. ಮುಚ್ಚಿದ ರೀತಿಯ ಕ್ಯಾನ್ ಹಾಕಿಸಿ, ಹೊರಹೋಗುವ ಪೈಪನ್ನು ಮೊದಲಿನಂತೆ ಟರ್ಬೋಗೆ ಹೋಗುವ ಗಾಳಿಯ ಪೈಪಿಗೇ ಸೇರಿಸಿ. ಡಿಪ್‌ಸ್ಟಿಕ್ಕಿನ (ಆಯಿಲ್ ಮಟ್ಟ ನೋಡುವ ಕಡ್ಡಿ) ರಬ್ಬರ್ ರಿಂಗ್ ಕೂಡ ನೋಡಿ. ಒಡೆದಿದ್ದರೆ ಕೂಡಲೇ ಬದಲಿಸಿ, ಅದಕ್ಕೇನೂ ಹೆಚ್ಚು ಖರ್ಚಿಲ್ಲ.

ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಭಾಗ), ಮುಂದಿನ ಹಿಂದಿನ ಆಕ್ಸಲ್ಲುಗಳ ಒಳಗಿನ ಗಾಳಿಯೂ ಹೀಗೆ ಹಿಗ್ಗಿ ಕುಗ್ಗುವುದರಿಂದ ಅವಕ್ಕೆ ಬ್ರೀದರ್ ಎಂಬ ಗಾಳಿಯಾಡುವ ಪೈಪು ಇರುತ್ತದೆ. ಅವನ್ನೆಲ್ಲ ಬಾನೆಟ್ ಒಳಗೆ ಎತ್ತರಕ್ಕೆ ಒಯ್ದು ಕಟ್ಟಿಸಿ. ತುದಿಗೆ ಸಣ್ಣ ಜಾಲರಿ ಇರಲಿ. ನಮ್ಮ ಮಲೆನಾಡಿನಲ್ಲಿ ಕುಂಬಾರ ಹುಳು ಇಂಥ ಪೈಪಿನೊಳಗೆ ಮಣ್ಣಿನ ಗೂಡು ಕಟ್ಟುತ್ತದೆ. ಪೈಪು ಮುಚ್ಚಿಹೋದರೆ ಒಳಗಿನ ಒತ್ತಡ ಆಯಿಲ್ ಸೀಲನ್ನು ತಳ್ಳುತ್ತದೆ. ಮುಂದಿನ ಹಳ್ಳದಲ್ಲಿ ಅದೇ ಸೀಲಿನಿಂದ ನೀರು ಒಳಗೆ ಬರುತ್ತದೆ.

ಈಗ ನಿಮ್ಮ ಚೆಕ್ ಎಂಜಿನ್ ಲೈಟ್. ಒಣಗಿದ ಮೇಲೆ ಹೋಗುತ್ತದೆ ಎಂದರೆ ಯಾವುದೋ ಸಾಕೆಟ್ಟಿಗೆ ನೀರು ಹೋಗುತ್ತಿದೆ, ಅಥವಾ ಗಾಳಿ ಅಳೆಯುವ ಸೆನ್ಸರ್ ಒದ್ದೆಯಾಗುತ್ತಿದೆ. ಲೈಟ್ ಹೋದ ಮೇಲೂ ತಪ್ಪಿನ ಕೋಡ್ ಸ್ವಲ್ಪ ಕಾಲ ನೆನಪಿನಲ್ಲಿ ಉಳಿಯುತ್ತದೆ. ಸ್ಕ್ಯಾನರ್ ಹಾಕಿಸಿ ಓದಿಸಿ. ಮೆಕ್ಯಾನಿಕ್ ಕೋಡ್ ಅಳಿಸುವ ಮೊದಲು ಅದನ್ನು ಬರೆದುಕೊಳ್ಳಿ. ನನ್ನ ಮೊದಲ ಸಂಶಯ ಟ್ಯೂನಿಂಗ್ ಬಾಕ್ಸಿನ ಮೇಲೆ. ಇಂಥವು ಸಾಮಾನ್ಯವಾಗಿ ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಕೊಳವೆಯ (ಫ್ಯೂಯಲ್ ರೈಲ್) ಒತ್ತಡ ಹೇಳುವ ಸೆನ್ಸರ್ ಮತ್ತು ವೈರಿನ ನಡುವೆ ಸೇರಿಕೊಳ್ಳುತ್ತವೆ. ಅಲ್ಲಿ ಒಂದು ಸಾಕೆಟ್ಟಿದ್ದ ಜಾಗದಲ್ಲಿ ಈಗ ಎರಡಿವೆ. ಒಂದರ ಒಳಗೆ ತೇವ ಸೇರಿದರೂ ಎಂಜಿನ್ ಕಂಪ್ಯೂಟರಿಗೆ ತಪ್ಪು ಲೆಕ್ಕ ಹೋಗುತ್ತದೆ, ಗಾಡಿ ಶಕ್ತಿ ಕಳೆದುಕೊಳ್ಳುತ್ತದೆ. ಹಳ್ಳದ ನಡುವೆ ಹಾಗಾದರೆ ಏನು ಮಾಡುತ್ತೀರಿ? ಮಳೆಗಾಲದ ನಾಲ್ಕು ತಿಂಗಳು ಆ ಬಾಕ್ಸನ್ನು ತೆಗೆದು ಮನೆಯಲ್ಲಿಡಿ, ಕಂಪನಿಯ ಸಾಕೆಟ್ಟನ್ನು ನೇರ ಹಾಕಿಸಿ. ಬೇಕೇ ಬೇಕು ಎಂದರೆ ಎತ್ತರದಲ್ಲಿ, ವೈರಿನ ಬಾಯಿ ಕೆಳಮುಖವಾಗಿರುವಂತೆ ಕೂರಿಸಿ.

ಲೈಟ್ ಬಾರ್, ವಿಂಚುಗಳ ವೈರಿಂಗ್ ಎಂಜಿನ್ನಿನ ಮಾತಲ್ಲ ಅನಿಸಬಹುದು. ಆದರೆ ಅವುಗಳ ರಿಲೇ, ಫ್ಯೂಸುಗಳು ಬ್ಯಾಟರಿಯ ಪಕ್ಕದಲ್ಲೇ ಇರುತ್ತವೆ. ಅಲ್ಲಿ ಶಾರ್ಟ್ ಆದರೆ ಎಲ್ಲಕ್ಕೂ ತೊಂದರೆ. ಕಪ್ಪು ಇನ್ಸುಲೇಷನ್ ಟೇಪ್ ನಮ್ಮ ಮಳೆಗೆ ಒಂದು ಕಾಲವೂ ಬಾಳುವುದಿಲ್ಲ. ಟೇಪಿನ ಒಳಗೆ ನೀರು ನಿಂತು, ತಂತಿಗೆ ಹಸಿರು ಕಿಲುಬು ಹಿಡಿಯುತ್ತದೆ. ಜೋಡಿಸಿದ ಕಡೆಗಳಿಗೆಲ್ಲ ಒಳಗೆ ಅಂಟು ಇರುವ, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಹಾಕಿಸಿ. ರಬ್ಬರ್ ಸೀಲಿರುವ ಸಾಕೆಟ್ಟನ್ನೇ ಕೊಳ್ಳಿ. ಐಪಿ67 ಎಂದು ಬರೆದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯಬೇಕು ಎಂದರ್ಥ. ಅದು ಹೊಸ ಸಾಕೆಟ್ಟಿನ, ನಿಂತ ನೀರಿನ ಪರೀಕ್ಷೆ. ಕಾರ್ ವಾಷಿನ ಜೋರು ನೀರಿಗೆ ಆ ಮಾತು ಅನ್ವಯಿಸುವುದಿಲ್ಲ. ಸೀಲಿನ ಮೇಲೆ ಡೈಎಲೆಕ್ಟ್ರಿಕ್ ಗ್ರೀಸ್ (ವಿದ್ಯುತ್ ಹರಿಯದ ಗ್ರೀಸ್) ತೆಳ್ಳಗೆ ಹಚ್ಚಿ. ಪ್ರತಿ ವೈರೂ ಸಾಕೆಟ್ಟಿಗೆ ಸೇರುವ ಮುಂಚೆ ಸ್ವಲ್ಪ ಕೆಳಗೆ ಜೋತು ಮೇಲೇರಲಿ, ಹನಿ ಅಲ್ಲೇ ತೊಟ್ಟಿಕ್ಕುತ್ತದೆ. ಇಲಿ ಕಡಿದ ವೈರು ಇದೆಯೇ ಎಂದೂ ನೋಡಿ. ಕೊಟ್ಟಿಗೆಯ ಪಕ್ಕ ಗಾಡಿ ನಿಲ್ಲಿಸುವವರಿಗೆ ಇದು ಗೊತ್ತಿರುವ ಕಾಟ.

ಎಗ್ಸಾಸ್ಟ್ ಪೈಪಿಗೆ ಶಾಖ ತಡೆಯುವ ಬಟ್ಟೆ ಸುತ್ತಿಸಿದ್ದರೆ ಅದನ್ನು ತೆಗೆಸಿಬಿಡಿ. ಒಣ ಊರಿಗೆ ಅದು ಸರಿ. ಇಲ್ಲಿ ಅದು ನೀರು ಹೀರಿಕೊಂಡು ಪೈಪನ್ನು ಒಳಗೊಳಗೇ ತುಕ್ಕು ಹಿಡಿಸುತ್ತದೆ.

ಇನ್ನು ದಾಟುವ ಕ್ರಮ. ಕಾದ ಟರ್ಬೋ ಹೊತ್ತು ನೇರ ನೀರಿಗೆ ಇಳಿಯಬೇಡಿ. ದಂಡೆಯಲ್ಲಿ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ. ಆ ಹೊತ್ತಿನಲ್ಲಿ ಕೆಳಗಿಳಿದು ಕೋಲು ಹಾಕಿ ಆಳ ನೋಡಿ. ನೀವು ಬರೆದುಕೊಂಡ ಅಳತೆಯನ್ನು ಕೋಲಿಗೇ ಗುರುತು ಮಾಡಿಟ್ಟರೆ ಸುಲಭ. 4 ಲೋ (ನಾಲ್ಕೂ ಚಕ್ರ ನಿಧಾನಕ್ಕೆ ಜೋರಾಗಿ ಎಳೆಯುವ ವ್ಯವಸ್ಥೆ), ಒಂದು ಅಥವಾ ಎರಡನೇ ಗೇರು. ಮೆಲ್ಲಗೆ ಇಳಿದು, ಆಮೇಲೆ ಮನುಷ್ಯ ನಡೆಯುವ ವೇಗ. ಮುಂದೆ ಒಂದು ಸಣ್ಣ ಅಲೆ ಎದ್ದು, ಬಾನೆಟ್ ಒಳಗೆ ನೀರಿನ ಮಟ್ಟ ತಗ್ಗುತ್ತದೆ. ಆ ಅಲೆಯ ಹಿಂದೆಯೇ ಹೋಗಿ. ನಡುವೆ ನಿಲ್ಲಬೇಡಿ, ಗೇರ್ ಬದಲಿಸಬೇಡಿ. ವೇಗ ಜಾಸ್ತಿಯಾದರೆ ಅಲೆ ಬಾನೆಟ್ ಮೇಲೇರುತ್ತದೆ, ಫ್ಯಾನ್ ನೀರಿಗೆ ಬಡಿದು ರೆಕ್ಕೆ ಬಾಗಿ ರೇಡಿಯೇಟರಿಗೆ ತಾಗಬಹುದು. ಹೊರಗಿನ ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿದವರು ಅದಕ್ಕೊಂದು ಸ್ವಿಚ್ ಇಟ್ಟು, ನೀರಿನಲ್ಲಿರುವಾಗ ಬಂದ್ ಮಾಡುವುದು ಒಳ್ಳೆಯದು. ದಾಟಿದ ಕೂಡಲೇ ಮತ್ತೆ ಹಾಕುವುದನ್ನು ಮರೆಯಬಾರದು.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಈ ಅಳತೆಗಳೆಲ್ಲ ನಿಂತ ಅಥವಾ ಮೆಲ್ಲಗೆ ಹರಿಯುವ ನೀರಿಗೆ. ಸೆಳೆತ ಇದ್ದರೆ 60 ಸೆಂಟಿಮೀಟರ್ ನೀರು ಥಾರ್‌ನಂಥ ಗಾಡಿಯನ್ನೂ ಎತ್ತಿ ಒಯ್ಯಬಲ್ಲದು. ಸ್ನಾರ್ಕೆಲ್ ಎಂಜಿನ್ನಿಗೆ ಗಾಳಿ ಕೊಡುತ್ತದೆ, ಚಕ್ರಕ್ಕೆ ಹಿಡಿತ ಕೊಡುವುದಿಲ್ಲ. ಮೇಲೆ ಘಟ್ಟದಲ್ಲಿ ಮಳೆ ಹೊಯ್ದರೆ ಕೆಳಗಿನ ಹಳ್ಳ ನೋಡುತ್ತಿದ್ದ ಹಾಗೆ ಏರುತ್ತದೆ, ನಿಮಗೆ ನಾನು ಹೇಳಬೇಕಾಗಿಲ್ಲ. ನೀರು ಕೆಂಪಾಗಿ, ಕಸಕಡ್ಡಿ ಹೊತ್ತು ಬರುತ್ತಿದ್ದರೆ ಗಾಡಿ ಆ ದಡದಲ್ಲೇ ಇರಲಿ. ಕಾಲುಸಂಕದ ಮೇಲೆ ನಡೆದು ತೋಟ ನೋಡಿ ಬನ್ನಿ.

ನೀರಿನಲ್ಲಿ ಎಂಜಿನ್ ಬಂದಾದರೆ ದಯವಿಟ್ಟು ಸೆಲ್ಫ್ ಹೊಡೆಯಬೇಡಿ. ಒಂದು ಸಲವೂ ಬೇಡ. ಬಂದಾಗುವಾಗ ಬಾಗದ ರಾಡ್ ಎಷ್ಟೋ ಸಲ ಆ ಸೆಲ್ಫಿನಲ್ಲಿ ಬಾಗುತ್ತದೆ. ಗಾಡಿಯನ್ನು ಎಳೆಸಿ ದಡಕ್ಕೆ ತನ್ನಿ, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ಏರ್ ಬಾಕ್ಸ್ ಬಿಚ್ಚಿ ಫಿಲ್ಟರಿನ ಆಚೆಯ ಪೈಪಿಗೆ ಬೆರಳು ಹಾಕಿ ನೋಡಿ. ಅಲ್ಲಿ ತೇವ ಇದ್ದರೆ ಇಂಟರ್‌ಕೂಲರಿನ ಕೆಳಗಿನ ಹೋಸ್ ಬಿಚ್ಚಿ ನೀರು ಇಳಿಸಬೇಕು. ಆಮೇಲೆ ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ತೆಗೆದು, ಕ್ರ್ಯಾಂಕ್ ಪುಲ್ಲಿಗೆ (ಎಂಜಿನ್ನಿನ ಮುಂದಿನ ರಾಟೆ) ಪಾನಾ ಹಾಕಿ ಕೈಯಿಂದಲೇ ತಿರುಗಿಸಬೇಕು. ಇದು ಮೆಕ್ಯಾನಿಕ್ ಮಾಡುವ ಕೆಲಸ, ಹಳ್ಳದ ದಂಡೆಯಲ್ಲಿ ನೀವೇ ಪ್ರಯತ್ನಿಸಬೇಡಿ. ಎಂಜಿನ್ ಮತ್ತೆ ಓಡಿದರೂ ಆಯಿಲ್, ಆಯಿಲ್ ಫಿಲ್ಟರ್ ಬದಲಿಸಿ, ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಳೆಸಿ. ಸ್ವಲ್ಪ ಬಾಗಿದ ರಾಡ್ ಕೆಲವು ತಿಂಗಳು ಸುಮ್ಮನಿದ್ದು ಆಮೇಲೆ ಮುರಿಯುವುದುಂಟು.

ದಾಟಿ ಬಂದ ಮೇಲೆ ಬ್ರೇಕ್ ಒತ್ತಿ ಒಣಗಿಸಿ. ಮರುದಿನ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮುಂಚೆ, ಡಿಪ್‌ಸ್ಟಿಕ್ ನೋಡಿ. ಆಯಿಲ್ ಮಟ್ಟ ಏರಿದ್ದರೆ, ಅಥವಾ ಬಣ್ಣ ಹಾಲು ಬೆರೆಸಿದಂತೆ ಬಿಳಿಚಿದ್ದರೆ ಎಂಜಿನ್ ಓಡಿಸಬೇಡಿ. ಆಕ್ಸಲ್ ಆಯಿಲನ್ನು ಮಳೆಗಾಲ ಮುಗಿದ ಕೂಡಲೇ ನೋಡಿಸಿ. ನಮ್ಮ ಜಂಬಿಟ್ಟಿಗೆ ಮಣ್ಣು ಬಹಳ ನುಣುಪು. ಇಂಟರ್‌ಕೂಲರಿನ ತೆಳು ಲೋಹದ ಎಲೆಗಳ ನಡುವೆ, ಆಲ್ಟರ್ನೇಟರಿನ ಒಳಗೆ ಸೇರಿ ಒಣಗಿದರೆ ಬಿಡಿಸುವುದು ಕಷ್ಟ. ಅದು ಹಸಿ ಇರುವಾಗಲೇ ಸಾದಾ ಪೈಪಿನ ನೀರಿನಲ್ಲಿ ಮೆಲ್ಲಗೆ ತೊಳೆಯಿರಿ.

ಕಾರವಾರದ ಓಡಾಟಕ್ಕೆ ಬರೋಣ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಲ್ಲವೂ ಸಮುದ್ರ ಸೇರುವ ಕಡೆ ಭರತದ ಹೊತ್ತಿಗೆ ಉಪ್ಪುನೀರು ಒಳಕ್ಕೆ ಏರುತ್ತದೆ. ಹೊಳೆಯ ನೀರು ತಾನೇ ಎಂದು ಇಳಿಸಿದರೆ ಉಪ್ಪಿಗೇ ಇಳಿಸಿದಂತೆ. ಹೊರಗಿನ ಇಂಟರ್‌ಕೂಲರ್ ಮತ್ತು ಪೈಪುಗಳು ಹೆಚ್ಚಾಗಿ ಅಲ್ಯೂಮಿನಿಯಂ, ಬೋಲ್ಟುಗಳು ಸ್ಟೇನ್‌ಲೆಸ್ ಸ್ಟೀಲ್. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ನಿಂತರೆ ಅಲ್ಯೂಮಿನಿಯಂ ಬೇಗ ಸವೆಯುತ್ತದೆ, ಬೋಲ್ಟಿನ ಸುತ್ತ ಬಿಳಿ ಪುಡಿ ಕಾಣುತ್ತದೆ. ನಡುವೆ ನೈಲಾನ್ ವಾಷರ್ ಹಾಕಿಸಿ, ಬೋಲ್ಟಿನ ತಿರುಪಿಗೆ ಆಂಟಿ ಸೀಝ್ (ಬೋಲ್ಟ್ ಕಚ್ಚಿಕೊಳ್ಳದಂತೆ ತಡೆಯುವ ಲೇಪ) ಹಚ್ಚಿಸಿ. ಹೊಸ ವೈರು ಹಾಕಿಸುವುದಿದ್ದರೆ ತವರದ ಲೇಪ ಇರುವ ತಾಮ್ರದ ವೈರು ಕೇಳಿ. ದೋಣಿಗಳಿಗೆ ಬಳಸುವುದು ಅದನ್ನೇ. ಕಾರವಾರದ ಬೈತಖೋಲದಂಥ ಮೀನುಗಾರಿಕೆ ಬಂದರಿನ ಸುತ್ತ ಬೋಟಿನ ಸಾಮಾನು ಮಾರುವವರಲ್ಲಿ ವಿಚಾರಿಸಿ. ಲ್ಯಾನೋಲಿನ್ ಅಥವಾ ಮೇಣದ ಸ್ಪ್ರೇ ಲೋಹಕ್ಕೆ ಒಳ್ಳೆಯದು, ರಬ್ಬರಿಗೆ ತಾಗದಂತೆ ನೋಡಿಕೊಳ್ಳಿ. ಡಬ್ಲ್ಯುಡಿ-40 ನೀರನ್ನು ಹೊರಗೆ ತಳ್ಳುತ್ತದೆ, ಜಾಸ್ತಿ ದಿನ ಕಾಯುವುದಿಲ್ಲ. ಉಪ್ಪು ತಾಗಿದ ದಿನವೇ ಗಾಡಿಯ ತಳವನ್ನು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಘಟ್ಟ ಹತ್ತಿ ಮನೆಗೆ ಬರುವವರೆಗೂ ಕಾಯಬೇಡಿ. ಬೀಚಿನ ಮೇಲೆ ಮಾತ್ರ ಗಾಡಿ ಇಳಿಸಲೇಬೇಡಿ. ನಮ್ಮ ಕರಾವಳಿಯ ಮರಳಿನಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆ ಇಡುತ್ತವೆ. ಚಕ್ರದ ಅಡಿಗೆ ಸಿಕ್ಕಿದ ಗೂಡು ಹೋಯಿತೆಂದೇ ಲೆಕ್ಕ.

ಕೊನೆಗೆ ವಿಮೆ. ಸಾಮಾನ್ಯ ಪಾಲಿಸಿಯಲ್ಲಿ ನೀರು ಹೊಕ್ಕು ಎಂಜಿನ್ ಹಾಳಾದರೆ ಪರಿಹಾರ ಸಿಗುವುದು ಕಷ್ಟ. ಅದಕ್ಕೆ ಎಂಜಿನ್ ಪ್ರೊಟೆಕ್ಟ್ ಎಂಬ ಬೇರೆ ಸೇರ್ಪಡೆ ಇದೆ. ಅದಿದ್ದರೂ, ಹಾಕಿಸಿದ ಭಾಗಗಳನ್ನು ಮುಂಚೆಯೇ ತಿಳಿಸಿರದಿದ್ದರೆ ಕ್ಲೇಮ್ ತಿರಸ್ಕರಿಸಲು ಅದೇ ಕಾರಣವಾಗಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಗಾಡಿಯ ಮೂಲ ವಿವರಗಳನ್ನು ಬದಲಿಸುವಂತಿಲ್ಲ ಎಂಬುದೂ ನೆನಪಿರಲಿ. ಹಾಗಾಗಿ ಹಾಕಿಸಿದ ಭಾಗಗಳ ಪಟ್ಟಿ ಮತ್ತು ಬಿಲ್ಲುಗಳನ್ನು ಹಿಡಿದು ಮಳೆಗಾಲದ ಮೊದಲೇ ವಿಮೆಯವರಲ್ಲಿ ಮಾತಾಡಿ, ಅವರು ಹೇಳಿದ್ದನ್ನು ಬರಹದಲ್ಲೇ ತೆಗೆದುಕೊಳ್ಳಿ.